ಲವೆಲ್ ಬ್ರೂಸಾರ್ಡನ ನಿಜವಾದ ತೂಕ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಡಿಫೆನ್ಸಿವ್ ಟ್ಯಾಕಲ್ ಆಡುವ ಹುಡುಗನನ್ನು ನೋಡಬೇಕೆಂದರೆ ಮೊದಲು ಚೆಂಡನ್ನು ಮರೆಯಬೇಕು. ಚೆಂಡಿನ ಹಿಂದೆ ಕಣ್ಣು ಓಡಿತೋ, ಅವನು ಮಾಡಿದ ಕೆಲಸವೆಲ್ಲ ತಪ್ಪಿಹೋಯಿತು. ಅವನ ಬದುಕೆಲ್ಲ ಮೈದಾನದ ಮಧ್ಯದ ಎರಡು ಗಜ ನೆಲದಲ್ಲಿ. ಎದುರು ತಂಡದ ಗೋಡೆಯಂಥ ಇಬ್ಬರು ಒಟ್ಟಿಗೆ ಮೈಮೇಲೆ ಬೀಳುತ್ತಾರೆ. ಇವನು ಅವರನ್ನು ತಡೆದು ನಿಂತರೆ ಹಿಂದಿರುವ ಸಪೂರ ಹುಡುಗರು ಖಾಲಿ ದಾರಿಯಲ್ಲಿ ನುಗ್ಗಿ ಚೆಂಡು ಹಿಡಿದವನನ್ನು ಕೆಡವುತ್ತಾರೆ. ಚಪ್ಪಾಳೆ ಅವರಿಗೆ. ಇವನಿಗೆ ಮೂಗಿನ ತುಂಬ ಮಣ್ಣು.

ಇಂಥ ಹುಡುಗರನ್ನು ನೋಡಿ, ಅಳೆದು, ಯಾರು ಆದಾರು ಯಾರು ಬೇಡ ಎಂದು ಹೇಳುವುದು ನನ್ನ ಕಸುಬು. ಒಂದು ವೃತ್ತಿಪರ ತಂಡದ ಪರವಾಗಿ ಲೂಯಿಸಿಯಾನಾ, ಮಿಸಿಸಿಪ್ಪಿ, ಅಲಬಾಮಾದ ಕಾಲೇಜುಗಳನ್ನೆಲ್ಲ ಸುತ್ತುತ್ತೇನೆ. ಏಪ್ರಿಲ್ ಕೊನೆಯಲ್ಲಿ ಡ್ರಾಫ್ಟ್. ತಂಡಗಳೆಲ್ಲ ಸರದಿಯ ಮೇಲೆ ಏಳು ಸುತ್ತು ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಆ ಒಂದು ವಾರದ ಕೊನೆಗಾಗಿ ವರ್ಷವಿಡೀ ಕಾರಿನಲ್ಲೇ ಊಟ, ಕಾರಿನಲ್ಲೇ ತೂಕಡಿಕೆ. ಹೆಂಡತಿಗೆ ಆಸ್ಪತ್ರೆಯಲ್ಲಿ ಪಾಳಿ ಕೆಲಸ. ನಾವಿಬ್ಬರೂ ಒಬ್ಬರಿಗೊಬ್ಬರು ಸಿಗುವುದು ಹೆಚ್ಚಾಗಿ ಅಡುಗೆಮನೆಯ ಬಾಗಿಲಲ್ಲಿ, ಒಬ್ಬರು ಒಳಗೆ ಬರುವಾಗ ಇನ್ನೊಬ್ಬರು ಹೊರಗೆ ಹೋಗುವಾಗ.

ಲವೆಲ್ ಬ್ರೂಸಾರ್ಡನನ್ನು ನಾನು ಮೊದಲು ನೋಡಿದ್ದು ಅಕ್ಟೋಬರ್‌ನ ಒಂದು ಶನಿವಾರ. ನಮ್ಮ ಲೂಯಿಸಿಯಾನಾದ್ದೇ ಒಂದು ಸಣ್ಣ ಕಾಲೇಜಿಗೆ ಆಡುತ್ತಿದ್ದ. ಅಲ್ಲಿ ಅವನು ನೋಸ್ ಟ್ಯಾಕಲ್. ಅಂದರೆ ಎದುರಿನವರಲ್ಲಿ ಚೆಂಡು ಹಿಡಿದು ಬಗ್ಗಿ ನಿಂತಿರುತ್ತಾನಲ್ಲ, ಅವನ ಮೂತಿಗೆ ಮೂತಿ ಕೊಟ್ಟು ನಿಲ್ಲುವವನು. ಎಲ್ಲಕ್ಕಿಂತ ಭಾರದ ಕೆಲಸ, ಎಲ್ಲಕ್ಕಿಂತ ಭಾರದ ಆಳು ಮಾಡುವಂಥದು. ಲವೆಲ್ ಕೈ ಆಡಿಸುವುದರಲ್ಲಿ ಜಾಣ, ಕಾಲು ಚುರುಕು. ಆದರೆ ಇಬ್ಬರು ಸೇರಿ ಒತ್ತಿದಾಗ ಇಷ್ಟಿಷ್ಟೇ ಹಿಂದೆ ಜರುಗುತ್ತಿದ್ದ.

ಆಟ ಮುಗಿದ ಮೇಲೆ ಕಾರು ನಿಲ್ಲಿಸುವ ಬಯಲಿನಲ್ಲಿ ಹುಡುಗರ ಮನೆಯವರೆಲ್ಲ ಒಲೆ ಹಚ್ಚಿ ಅಡುಗೆ ಮಾಡುತ್ತಾರೆ. ಲವೆಲ್‌ನ ತಾಯಿ ವೆರ್ನೀಸ್ ದೊಡ್ಡ ಬೀಡು ಪಾತ್ರೆಯ ಮುಂದೆ ನಿಂತಿದ್ದಳು. ಒಪೆಲೂಸಸ್ ಊರಿನವಳು, ಅಲ್ಲಿಯ ಒಂದು ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವ ಕೆಲಸ. ನಾನೂ, ಬೇರೆ ತಂಡಕ್ಕೆ ಇದೇ ಕೆಲಸ ಮಾಡುವ ಪರ್ವಿಸ್‌ನೂ ವಾಸನೆ ಹಿಡಿದುಕೊಂಡು ಹೋದೆವು. ಅನ್ನದ ಮೇಲೆ ಹಂದಿಮಾಂಸದ ಗ್ರೇವಿ ಸುರಿದು ಕೊಟ್ಟಳು.

"ಮಿಸ್ ವೆರ್ನೀಸ್, ಈ ಗ್ರೇವಿಗೋಸ್ಕರ ನಾನು ಹೆಂಡತೀನ ಬಿಟ್ಟು ಬಂದೇನು," ಎಂದ ಪರ್ವಿಸ್.

"ಬನ್ನಿ. ಪಾತ್ರೆ ತಿಕ್ಕೋಕೆ ಒಬ್ರು ಬೇಕಿತ್ತು."

ಪರ್ವಿಸ್ ನಕ್ಕ. ಅವಳು ನಗದೆ ಕೇಳಿದಳು: "ನಮ್ಮ ಹುಡುಗನಿಗೆ ಏನು ಕಮ್ಮಿ, ಹೇಳಿ."

ಮನೆಯವರ ಹತ್ತಿರ ಯಾವತ್ತೂ ಏನೂ ಹೇಳಬಾರದು. ನಮ್ಮ ಕಸುಬಿನ ಮೊದಲ ಪಾಠ ಅದು. ಆದರೆ ಪರ್ವಿಸ್‌ನ ಹೊಟ್ಟೆ ತುಂಬಿತ್ತು, ನಾಲಿಗೆ ಸಡಿಲಾಗಿತ್ತು.

"ಏನೂ ಕಮ್ಮಿ ಇಲ್ಲ. ಮುನ್ನೂರು ಪೌಂಡ್ ಆಗ್ಲಿ, ಅಷ್ಟೆ. ಮುನ್ನೂರು ಮುಟ್ಟಿದ ದಿನ ನನಗೊಂದು ಫೋನ್ ಮಾಡಿ."

ವೆರ್ನೀಸ್ ಸೌಟು ಕೆಳಗಿಟ್ಟು, ಟ್ರಕ್ಕಿನ ಹಿಂಬದಿಯಲ್ಲಿ ಕುಳಿತು ತಿನ್ನುತ್ತಿದ್ದ ಮಗನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಸಾಲದು ಎನ್ನುವ ನೋಟ. ಅವನ ತಟ್ಟೆಗೆ ಇನ್ನೆರಡು ಸೌಟು ಬಿತ್ತು.

ಮಾರ್ಚ್‌ನಲ್ಲಿ ಆ ಕಾಲೇಜಿನಲ್ಲಿ ಪರೀಕ್ಷೆಯ ದಿನ. ಬೇರೆ ಬೇರೆ ತಂಡದ ನಮ್ಮಂಥವರು ಕುರ್ಚಿ ಹಾಕಿಕೊಂಡು ಕುಳಿತಿರುತ್ತೇವೆ. ಹುಡುಗರು ಬರೀ ಚಡ್ಡಿಯಲ್ಲಿ ಒಬ್ಬೊಬ್ಬರಾಗಿ ಬಂದು ತಕ್ಕಡಿ ಹತ್ತುತ್ತಾರೆ. ಒಬ್ಬ ತೂಕ ಕೂಗುತ್ತಾನೆ, ಎಲ್ಲರೂ ಬರೆದುಕೊಳ್ಳುತ್ತಾರೆ. ದನದ ಸಂತೆ ಎಂದು ಹೊರಗಿನವರು ಬೈಯುತ್ತಾರೆ. ಒಳಗೆ ಕುಳಿತ ನಮಗೂ ಹಾಗೆ ಅನಿಸದೆ ಇಲ್ಲ.

"ಬ್ರೂಸಾರ್ಡ್, ಮುನ್ನೂರ ಒಂದು."

ಪರ್ವಿಸ್ ಮೆಲ್ಲಗೆ ಸಿಳ್ಳೆ ಹಾಕಿದ. ನಾನು ಮುಂದಿನ ಸಾಲಿನಲ್ಲಿದ್ದೆ. ಲವೆಲ್ ತಕ್ಕಡಿಯಿಂದ ಇಳಿದದ್ದು ತುಂಬಿದ ಕೊಡವನ್ನು ತುಳುಕದಂತೆ ಇಳಿಸುವವರ ಹಾಗೆ. ಹೊಟ್ಟೆ ನಗಾರಿಯಂತೆ ಬಿಗಿದಿತ್ತು.

ಒಂದು ಗಂಟೆ ಕಳೆದು ನಲವತ್ತು ಗಜದ ಓಟ. ಅಕ್ಟೋಬರ್‌ನಲ್ಲಿ ಬೆಕ್ಕಿನಂತೆ ಹಾರುತ್ತಿದ್ದ ಹುಡುಗ ಕೆಸರಿನಲ್ಲಿ ಎತ್ತು ನಡೆದಂತೆ ಓಡಿದ. ಎರಡನೇ ಓಟ ಇನ್ನೂ ನಿಧಾನ. ಅದು ಮುಗಿದದ್ದೇ ಗೋಲ್ ಕಂಬದ ಹಿಂದೆ ಹೋಗಿ ಬಗ್ಗಿ ವಾಂತಿ ಮಾಡಿಕೊಂಡ. ಬರೀ ನೀರು. ಕ್ಯಾನುಗಟ್ಟಲೆ ನೀರು.

"ಒಂದು ಸ್ನಾನಕ್ಕಾಗುವಷ್ಟು ಕುಡಿದಿದಾನೆ," ಎಂದ ಯಾರೋ. ಕೆಲವರು ನಕ್ಕರು. ತೂಕದ ದಿನ ನೀರು ಕುಡಿದು ಬರುವುದು ಹೊಸದೇನಲ್ಲ, ಸಿಕ್ಕಿಬಿದ್ದವನನ್ನು ನೋಡಿ ನಗುವುದೂ ಹೊಸದಲ್ಲ. ಪರ್ವಿಸ್ ಮಾತ್ರ ನಗಲಿಲ್ಲ. ಟೋಪಿ ತೆಗೆದು ತಲೆ ಕೆರೆದುಕೊಂಡ.

ವೆರ್ನೀಸ್ ಬೇಲಿಯ ಆಚೆ ಕೆಲಸದ ಸಮವಸ್ತ್ರದಲ್ಲೇ ನಿಂತಿದ್ದಳು. ವಾಂತಿ ಅವಳಿಗೆ ಕಾಣದಷ್ಟು ದೂರ. ನನ್ನನ್ನು ನೋಡಿ ಕೈ ಬೀಸಿ ಕರೆದಳು.

"ಮುನ್ನೂರು ಆಯ್ತಾ, ಮಿಸ್ಟರ್ ಎಮೆರಿ?"

"ಮುನ್ನೂರ ಒಂದು."

ಅವಳು ಕಣ್ಣು ಮುಚ್ಚಿ ಉಸಿರು ಬಿಟ್ಟಳು. "ಸರಿ ಹಾಗಾದ್ರೆ. ಇನ್ನು ನಿಮ್ಮ ಕೈಲಿ."

ಅವಳ ಸಮವಸ್ತ್ರದ ತೋಳಿನ ಮೇಲೆ ಇಸ್ತ್ರಿ ಸುಟ್ಟ ಕಲೆ ಇತ್ತು. ಅದನ್ನೇ ನೋಡುತ್ತ ತಲೆ ಆಡಿಸಿ ಬಂದೆ.

ಮನೆಗೆ ಬಂದು ಅವನ ಆಟದ ವಿಡಿಯೋಗಳನ್ನು ಮತ್ತೆ ಹಾಕಿದೆ. ನೋಡಬೇಕಾದ ಅಗತ್ಯ ಇರಲಿಲ್ಲ. ನಮ್ಮ ತಂಡದಲ್ಲಿ ಹುಡುಗರ ಹೆಸರನ್ನು ಚೀಟಿಗಳಲ್ಲಿ ಬರೆದು ದೊಡ್ಡ ಹಲಗೆಯ ಮೇಲೆ ಅಂಟಿಸುತ್ತಾರೆ, ಆಡುವ ಜಾಗಕ್ಕೊಂದು ಸಾಲು. ನೋಸ್ ಸಾಲಿನಲ್ಲಿ ಮುನ್ನೂರಕ್ಕಿಂತ ಕೆಳಗಿನವನಿಗೆ ಜಾಗವಿಲ್ಲ, ಮುನ್ನೂರಿದ್ದೂ ಓಡಲಾರದವನಿಗೂ ಇಲ್ಲ. ಲವೆಲ್‌ನ ಕಥೆ ಎರಡೂ ಕಡೆಯಿಂದ ಮುಗಿದಿತ್ತು. ಆದರೂ ಆ ನೀರು ಕಣ್ಣ ಮುಂದಿನಿಂದ ಹೋಗಲಿಲ್ಲ.

ನವೆಂಬರ್‌ನ ಒಂದು ಆಟ. ಆವತ್ತು ಮಳೆಗೆ ಹೆದರಿ ನಮ್ಮವರು ಯಾರೂ ಹೋಗಿರಲಿಲ್ಲ. ಮೂರನೇ ಭಾಗದಲ್ಲಿ ಲವೆಲ್‌ನ ಪಕ್ಕ ಆಡುವವನು ಮೊಣಕಾಲು ಉಳುಕಿ ಹೊರಗೆ ಹೋದ. ತರಬೇತುದಾರ ಬೇರೆ ದಾರಿಯಿಲ್ಲದೆ ಲವೆಲ್‌ನನ್ನು ಒಂದು ಹೆಜ್ಜೆ ಪಕ್ಕಕ್ಕೆ ಸರಿಸಿದ. ಎದುರಿನವನ ಮೂತಿಯ ಮುಂದಿನಿಂದ, ಇಬ್ಬರ ನಡುವಿನ ಸಂದಿಗೆ. ಬರೀ ಒಂದು ಹೆಜ್ಜೆ. ಚೆಂಡು ಅಲ್ಲಾಡಿದ್ದೇ ಹುಡುಗ ಮಾಯ. ಎದುರಿನವನು ಕೈ ಎತ್ತುವಷ್ಟರಲ್ಲಿ ಭುಜ ತಗ್ಗಿಸಿ ಸಂದಿಯಲ್ಲಿ ನುಸುಳಿ ಆ ಕಡೆ ಎದ್ದ. ಮತ್ತೆ ಹಾಗೇ. ಮತ್ತೆ. ಆಟದ ಕೊನೆಗೆ ಎದುರು ತಂಡದವರು ಅವನ ಕಡೆ ಆಡುವುದನ್ನೇ ಬಿಟ್ಟರು. ಮುಂದಿನ ವಾರ ಪಕ್ಕದವನು ಗುಣವಾಗಿ ಬಂದ, ಲವೆಲ್ ಮತ್ತೆ ಮೂತಿಯ ಮುಂದೆ.

ಅವನು ನೋಸ್ ಅಲ್ಲವೇ ಅಲ್ಲ. ಆ ಬಡ ಕಾಲೇಜಿನಲ್ಲಿ ಅವನಿಗಿಂತ ದಪ್ಪಗಿರುವವನು ಯಾರೂ ಇರಲಿಲ್ಲವೆಂದು ಅಲ್ಲಿ ನಿಲ್ಲಿಸಿದ್ದರು. ಅವರು ನೋಸ್ ಅಂದರು, ಬಂದ ತಂಡದವರೆಲ್ಲ ನೋಸ್ ಎಂದೇ ಬರೆದುಕೊಂಡು ಹೋದೆವು. ಸಂದಿಯಲ್ಲಿ ಆಡುವವನಿಗೆ ಮುನ್ನೂರು ಬೇಕಿಲ್ಲ. ಮುನ್ನೂರು ಅವನಿಗೆ ಹೊರೆ.

ನಮ್ಮ ತಂಡದ ಯಜಮಾನಿಕೆ ಹೋಲ್ಕಂಬ್ ಎಂಬವನದು. ಫೋನ್ ಮಾಡಿದೆ.

"ಆ ನೀರಿನ ಹುಡುಗನಾ? ಅವನ ಹೆಸರು ಹಲಗೆಯಿಂದ ತೆಗೆದಾಯ್ತಲ್ಲ."

"ಒಂದು ಸಲ ಮತ್ತೆ ನೋಡ್ತೀನಿ. ನಿಜವಾದ ತೂಕದಲ್ಲಿ, ಬೇರೆ ಜಾಗದಲ್ಲಿ."

"ಎಮೆರಿ, ನಿನಗೆ ಮನೆ ಕಡೆ ಕೆಲಸ ಇಲ್ವಾ?"

"ಬೇಕಾದಷ್ಟಿದೆ."

"ಹೋಗು. ಆದ್ರೆ ಅವನ ಹೆಸರು ಮತ್ತೆ ಹಲಗೆ ಮೇಲೆ ಬರ್ಬೇಕಾದ್ರೆ ನನಗೆ ಕಣ್ಣಾರೆ ಕಾಣ್ಬೇಕು. ಕಥೆ ಬೇಡ."

ಒಪೆಲೂಸಸ್‌ನ ಅವರ ಮನೆಗೆ ಹೋದಾಗ ಒಲೆಯ ಮೇಲೆ ಮೂರು ಪಾತ್ರೆ ಕುದಿಯುತ್ತಿದ್ದವು. ಲವೆಲ್ ಮೇಜಿನ ಮುಂದೆ ಕುಳಿತು ಒಂದೊಂದೇ ತುತ್ತು ಔಷಧಿಯಂತೆ ನುಂಗುತ್ತಿದ್ದ. ನನ್ನನ್ನು ನೋಡಿ ಎದ್ದು, "ಸರ್," ಎಂದು ಕೈ ಕೊಟ್ಟ. ನಾನು ವಿಷಯ ಹೇಳಿದೆ. ಎರಡು ವಾರ ಬಿಟ್ಟು ಬರುತ್ತೇನೆ, ನೀರಿನ ಆಟ ಬೇಡ, ತೂಕ ಎಷ್ಟಿದೆಯೋ ಅಷ್ಟಿರಲಿ ಎಂದೆ.

ವೆರ್ನೀಸ್ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನೀವು ಗಂಡಸ್ರು ಮೊದ್ಲು ಒಂದು ತೀರ್ಮಾನಕ್ಕೆ ಬನ್ನಿ. ಅಕ್ಟೋಬರಲ್ಲಿ ಏರ್ಸು ಅಂದ್ರಿ, ಏರ್ಸಿದೆ. ಈಗ ಇಳ್ಸು ಅಂತೀರಿ. ಇವನು ನನ್ನ ಮಗನೋ, ಬ್ರೆಡ್ ಮಾಡೋ ಹಿಟ್ಟೋ?"

"ಅಂದದ್ದು ನಾನಲ್ಲ, ಪರ್ವಿಸ್."

"ನೀವು ಪಕ್ಕದಲ್ಲೇ ನಿಂತಿದ್ರಿ. ಬಾಯಲ್ಲಿ ನನ್ನ ಅನ್ನ ಇತ್ತು. ಅಲ್ಲ ಅಂತ ಒಂದು ಮಾತು ಅಂದ್ರಾ?"

"ಇಲ್ಲ," ಎಂದೆ.

"ಈಗ ಎಲ್ಲಾ ತಂಡದವರ ಹತ್ರಾನೂ ಮುನ್ನೂರ ಒಂದು ಅಂತಿದೆ," ಎಂದಳು. ದನಿ ತಗ್ಗಿತ್ತು. "ನನ್ನ ಮಗನಿಗೆ ಇರೋದು ಅದೊಂದೇ. ಓಟ ಕೆಟ್ಟೋಯ್ತು ಅಂತ ನನಗೂ ಗೊತ್ತಾಯ್ತು. ತೂಕಾನೂ ಬಿಟ್ಕೊಟ್ರೆ ಇನ್ನೇನು ಉಳೀತು?"

"ಆ ತೂಕ ಅವನ ಹತ್ರ ಇಲ್ಲ, ಮಿಸ್ ವೆರ್ನೀಸ್. ಆವತ್ತೇ ಗೋಲ್ ಕಂಬದ ಹಿಂದೆ ಚೆಲ್ಲಿ ಹೋಯ್ತು. ನಾವೆಲ್ಲ ನೋಡಿದ್ವಿ."

ಅವಳು ಮಗನ ಕಡೆ ತಿರುಗಿದಳು. ಅವನು ತಟ್ಟೆ ನೋಡುತ್ತಿದ್ದ.

"ಅಮ್ಮ," ಎಂದ ಕೊನೆಗೆ, "ನಂಗೆ ಬಗ್ಗಿ ಶೂ ಕಟ್ಕೊಳೋಕೆ ಆಗ್ತಿಲ್ಲ."

"ಯಾವಾಗಿಂದ?"

"ಕ್ರಿಸ್‌ಮಸ್ಸಿಂದ."

"ಬಾಯಿ ಇರ್ಲಿಲ್ವಾ ಹೇಳೋಕೆ?"

"ನೀನು ಕೆಲ್ಸದಿಂದ ಬಂದು, ಕೂರದೇನೇ ಬೇಯ್ಸೋಕೆ ನಿಂತ್ಕೋತಿದ್ದೆ. ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ."

ವೆರ್ನೀಸ್ ಒಂದು ಒಲೆ ಆರಿಸಿದಳು. ಆಮೇಲೆ ಇನ್ನೊಂದು. ಕುರ್ಚಿ ಎಳೆದುಕೊಂಡು ಕುಳಿತಳು. ಅವಳು ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಮನೆಯಲ್ಲಿ ನಾನು ಹೊತ್ತು ಮೀರಿ ಬಂದ ದಿನಗಳಲ್ಲಿ ಮುಚ್ಚಿಟ್ಟಿರುವ ತಟ್ಟೆ ನೆನಪಾಯಿತು. ಹಸಿವಿಲ್ಲದಿದ್ದರೂ ತಿನ್ನುತ್ತೇನೆ. ಇಟ್ಟವರ ಮುಖ ಕಾಣುತ್ತದೆ ಅದರಲ್ಲಿ.

"ಇವನಿಗೆ ಏನು ಬೇಕು ಅಂತ ನಾನು ಪರ್ವಿಸ್‌ನ ಕೇಳ್ದೆ, ನಿಮ್ಮನ್ನ ಕೇಳ್ತಿದೀನಿ. ಇವನನ್ನ ಕೇಳ್ಲೇ ಇಲ್ಲ," ಎಂದಳು. "ಹೇಳೋ. ಏನು ಮಾಡ್ಬೇಕು ಅಂತೀಯ?"

"ಓಡ್ಬೇಕು," ಎಂದ ಲವೆಲ್.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದೆ: "ಇದು ನಮ್ಮ ನಮ್ಮಲ್ಲೇ ಇರ್ಲಿ. ಬೇರೆ ತಂಡದವರು ಯಾರಾದ್ರೂ ಫೋನ್ ಮಾಡಿದ್ರೆ ಕಾಲೇಜಲ್ಲಿ ತೂಗಿದ್ದನ್ನೇ ಹೇಳಿ." ನಮ್ಮ ಕಸುಬಿನಲ್ಲಿ ಅದು ಸಹಜವಾದ ಮಾತು. ಕಂಡುಹಿಡಿದವನು ಮುಚ್ಚಿಡುತ್ತಾನೆ. ಅವಳು ನನ್ನನ್ನು ನೋಡಿದಳು, ಬಾಗಿಲು ಹಾಕಿಕೊಂಡಳು. ಒಪ್ಪಿದಳು ಎಂದುಕೊಂಡೆ.

ಎರಡು ವಾರದ ನಂತರ, ಊರಿನ ಹೈಸ್ಕೂಲಿನ ಹುಲ್ಲು ಬಯಲು. ತಕ್ಕಡಿ ನನ್ನದೇ. ಇನ್ನೂರ ಎಂಬತ್ತಾರು. ಓಡಿದಾಗ ಗಡಿಯಾರವನ್ನು ನಂಬದೆ ಇನ್ನೊಮ್ಮೆ ಓಡಿಸಿದೆ. ಎರಡೂ ಒಂದೇ. ಕ್ಯಾಮೆರಾವನ್ನು ಕಂಬಕ್ಕೆ ಕಟ್ಟಿ, ಎದೆಗೆ ದಪ್ಪ ಮೆತ್ತೆ ಹಿಡಿದು ನಾನೇ ಎದುರಾಳಿಯಾಗಿ ನಿಂತೆ.

"ಸರ್, ಜೋರಾಗಿ ಬರ್ಲಾ, ಮೆಲ್ಲಗಾ?"

"ಆಟದಲ್ಲಿ ಕೇಳ್ತೀಯೇನಪ್ಪ ಹೀಗೆ? ಬಾ."

ಆಮೇಲೆ ನನಗೆ ಕಂಡದ್ದು ಆಕಾಶ. ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದೆ, ಒಂದು ಶೂ ಕಾಲಲ್ಲಿರಲಿಲ್ಲ. ಲವೆಲ್ ಗಾಬರಿಯಾಗಿ ಕೈ ಕೊಟ್ಟು ಎಬ್ಬಿಸುತ್ತಿದ್ದ. ಆಚೆ ಬೆಂಚಿನಿಂದ ಒಂದು ನಗು ಕೇಳಿಸಿತು. ವೆರ್ನೀಸ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಮಿಸ್ಟರ್ ಎಮೆರಿ, ನಿಮಗೆ ಇನ್ನೊಂದು ಸ್ವಲ್ಪ ತೂಕ ಬೇಕು," ಎಂದು ಕೂಗಿದಳು.

ಏಪ್ರಿಲ್‌ನ ಸಭೆಯಲ್ಲಿ ನವೆಂಬರ್‌ನ ಆಟವನ್ನೂ ಹುಲ್ಲು ಬಯಲಿನದನ್ನೂ ಹಾಕಿದೆ. ನಾನು ಬಿದ್ದದ್ದಕ್ಕೆ ಎಲ್ಲರೂ ನಕ್ಕರು, ಹಿಂದಕ್ಕೆ ಹಾಕಿ ಇನ್ನೊಮ್ಮೆ ನೋಡಿ ನಕ್ಕರು. ಮೂರನೇ ಸಲ ಹೋಲ್ಕಂಬ್ ನಗಲಿಲ್ಲ. ಎದ್ದು, ಡಬ್ಬಿಯಲ್ಲಿ ಬಿದ್ದಿದ್ದ ಲವೆಲ್‌ನ ಹೆಸರಿನ ಚೀಟಿ ಹುಡುಕಿ, ಸಂದಿಯಲ್ಲಿ ಆಡುವವರ ಸಾಲಿನಲ್ಲಿ, ಕೆಳಗಡೆ ಅಂಟಿಸಿದ.

"ಆರನೇ ಸುತ್ತು."

"ಐದರಲ್ಲೇ ತಗೊಳ್ಳೋಣ," ಎಂದೆ.

"ಯಾಕೆ? ಮಿಕ್ಕವರಿಗೆಲ್ಲ ಇವನು ಓಡಲಾರದ ಮುನ್ನೂರ ಒಂದು. ನಮಗೆ ಮಾತ್ರ ಗೊತ್ತಿರೋದು. ಆರರ ತನಕ ಇರ್ತಾನೆ."

ಡ್ರಾಫ್ಟಿನ ಕೊನೆಯ ದಿನ, ಶನಿವಾರ. ಐದನೇ ಸುತ್ತಿನಲ್ಲಿ ನಮ್ಮ ಸರದಿ ಬಂತು, ಹೋಲ್ಕಂಬ್ ಬೇರೊಬ್ಬನನ್ನು ಆರಿಸಿದ. ಸ್ವಲ್ಪ ಹೊತ್ತಿಗೆ ಪರ್ವಿಸ್‌ನ ತಂಡದ ಸರದಿ. ಗೋಡೆಯ ಟಿವಿಯಲ್ಲಿ ಹೆಸರು ಬಂತು: ಲವೆಲ್ ಬ್ರೂಸಾರ್ಡ್. ಕೆಳಗೆ, ತೂಕ ಇನ್ನೂರ ಎಂಬತ್ತಾರು.

ಹೋಲ್ಕಂಬ್ ಆ ಅಂಕಿಯನ್ನೇ ನೋಡಿದ, ಆಮೇಲೆ ನನ್ನ ಕಡೆ ತಿರುಗಿದ. "ಎಂಬತ್ತಾರು ಅಂತ ಅವರಿಗೆ ಯಾರು ಹೇಳಿದ್ದು?"

"ಕೇಳ್ಕೊಂಡು ಬರ್ತೀನಿ," ಎಂದು ಹೊರಗೆ ಬಂದು ವೆರ್ನೀಸ್‌ಗೆ ಫೋನ್ ಮಾಡಿದೆ. ಹಿಂದೆ ಮನೆ ತುಂಬ ಜನರ ಗದ್ದಲ, ಯಾರೋ ಅಳುತ್ತಿದ್ದರು, ಯಾರೋ ಹಾಡುತ್ತಿದ್ದರು. ಅವಳು ಹೊರಗೆ ಜಗಲಿಗೆ ಬಂದಿರಬೇಕು, ಸದ್ದು ಕಡಿಮೆಯಾಯಿತು.

"ನೀವೇ ಮಾಡ್ತೀರಿ ಅಂತ ಗೊತ್ತಿತ್ತು," ಎಂದಳು. "ಪರ್ವಿಸ್ ಹೋದ ವಾರ ಫೋನ್ ಮಾಡಿದ್ರು. ಆವತ್ತು ಅನ್ನ ತಿಂದು ಏನೇನೋ ಅಂದ್ಬಿಟ್ಟೆ, ತಪ್ಪಾಯ್ತು ಅಂದ್ರು. ಹುಡುಗ ಹೇಗಿದಾನೆ, ಎಷ್ಟಿದಾನೆ ಅಂದ್ರು. ಇನ್ನೂರ ಎಂಬತ್ತಾರು ಅಂದೆ. ಯಾಕೆ ಇಳಿದ ಅಂದ್ರು. ಬಂದು ನೋಡ್ರಿ ಅಂದೆ. ಬಂದು ನೋಡಿದ್ರು. ಅವರನ್ನೂ ಬೀಳಿಸ್ದ ನಮ್ಮ ಹುಡುಗ."

"ಹೇಳ್ಬೇಡಿ ಅಂದಿದ್ನಲ್ಲ, ಮಿಸ್ ವೆರ್ನೀಸ್."

"ಅಂದಿದ್ರಿ. ನಾನು ಹೂಂ ಅಂದಿರ್ಲಿಲ್ಲ. ನನ್ನ ಮಗ ಎಷ್ಟಿದಾನೋ ಅದಕ್ಕಿಂತ ಜಾಸ್ತಿ ಇದಾನೆ ಅಂತ ತೋರ್ಸಿ ತೋರ್ಸಿ ಸಾಕಾಗಿತ್ತು. ಕೇಳಿದವರಿಗೆಲ್ಲ ಇದ್ದದ್ದು ಇದ್ದ ಹಾಗೆ ಹೇಳ್ತೀನಿ ಅಂತ ಆವತ್ತು ಒಲೆ ಆರಿಸ್ದಾಗ್ಲೇ ಅನ್ಕೊಂಡೆ. ನಿಮ್ಮ ಒಬ್ರಿಗೇ ಅವನನ್ನ ಇಟ್ಕೊಳೋಕೆ ಆಗಲ್ಲ. ನೀವು ಒಳ್ಳೆಯವರು, ಆದ್ರೆ ನಿಮ್ಮ ಯಜಮಾನ ಹೇಗೋ ಏನೋ."

ಆರು ತಿಂಗಳ ಅಲೆದಾಟ ಪರ್ವಿಸ್‌ನ ಪಾಲಾಗಿತ್ತು. ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅದು ಹೋಲ್ಕಂಬ್‌ನ ಆರನೇ ಸುತ್ತಿನ ಮೇಲೆ ಹೋಗಿ ಕುಳಿತಿತು, ಅವಳ ಮೇಲೆ ಹೋಗಲಿಲ್ಲ. ಅವಳ ಜಾಗದಲ್ಲಿದ್ದರೆ ನಾನು ಮೂರು ಊರಿಗೆ ಕೇಳುವಂತೆ ಕೂಗಿ ಹೇಳುತ್ತಿದ್ದೆ.

"ಸರಿಯಾಗೇ ಮಾಡಿದ್ರಿ," ಎಂದೆ.

"ನಿಮಗೆ ತೊಂದ್ರೆ ಆಗುತ್ತಾ?"

"ಒಂದಷ್ಟು ಬೈಗುಳ. ಹುಡುಗನಿಗೆ ಕೊಡಿ ಫೋನು."

"ಅವನೆಲ್ಲಿ ಸಿಗ್ತಾನೆ? ರಸ್ತೇಲಿ ಓಡ್ತಿದಾನೆ, ಬರಿಗಾಲಲ್ಲಿ. ಅವನ ಅಣ್ಣತಮ್ಮಂದಿರೆಲ್ಲ ಹಿಂದೆ ಓಡ್ತಿದಾರೆ, ಒಬ್ರಿಗೂ ಹಿಡಿಯೋಕೆ ಆಗ್ತಿಲ್ಲ." ಆಮೇಲೆ ಕೇಳಿದಳು: "ನಿಮಗೆ ಮಕ್ಕಳು?"

"ಒಬ್ಬಳು. ಹದಿನೈದು ವರ್ಷ."

"ಎಷ್ಟು ತೂಕ?"

"ಹೇಳಿದ್ರೆ ನನ್ನನ್ನ ಮನೆ ಒಳಗೆ ಬಿಡಲ್ಲ, ಮಿಸ್ ವೆರ್ನೀಸ್."

ಅವಳು ನಕ್ಕಳು. ಒಳಗಿನಿಂದ ಹೋಲ್ಕಂಬ್ ನನ್ನ ಹೆಸರು ಹಿಡಿದು ಕೂಗುತ್ತಿದ್ದ. ಆರನೇ ಸುತ್ತು ಶುರುವಾಗುವುದರಲ್ಲಿತ್ತು, ಆರಿಸಲು ಇಟ್ಟುಕೊಂಡಿದ್ದವನು ಈಗ ನಮ್ಮವನಾಗಿರಲಿಲ್ಲ. ಆದರೂ ಆ ಓಟ ಮುಗಿಯುವವರೆಗೆ, ಜಗಲಿಯಿಂದ ಅವಳು ನೋಡಿ ನೋಡಿ ಹೇಳುತ್ತಿದ್ದುದನ್ನು ಕೇಳಿಕೊಂಡು ಬಾಗಿಲ ಹೊರಗೇ ನಿಂತಿದ್ದೆ.